ಹಳೆ ಲ್ಯಾಪ್‌ಟಾಪ್‌ಗೆ ಹೊರಗಿನ ಡಿಸ್ಕ್ ಸೇರಿಸಬೇಕು: ಯಾವುದು ತಗೊಳ್ಳಲಿ, ಎಲ್ಲಿ ಚುಚ್ಚಲಿ?

ಫೋಟೋಪೆಟ್ಟಿಗೆ ಕೇಳಿದ್ದು:

ನಮಸ್ಕಾರ ಎಲ್ಲರಿಗೂ. ನನ್ನ ಲ್ಯಾಪ್‌ಟಾಪ್ 2011ರದ್ದು. ಎರಡನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, ಒಳಗೆ 500 ಜಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 10 ಓಡುತ್ತಿದೆ. ಕೀಬೋರ್ಡ್ ಚೆನ್ನಾಗಿದೆ, ಪರದೆ ಚೆನ್ನಾಗಿದೆ, ನನ್ನ ಕೆಲಸಕ್ಕೆ ಇದು ಸಾಕು. ಹಾಗಾಗಿ ಹೊಸ ಲ್ಯಾಪ್‌ಟಾಪ್ ತಗೊಳ್ಳಿ ಅನ್ನುವ ಸಲಹೆ ಬೇಡ, ದಯವಿಟ್ಟು. ತೊಂದರೆ ಇರುವುದು ಜಾಗದ್ದು. ಸಿ ಡ್ರೈವ್‌ನ ಪಟ್ಟಿ ಯಾವಾಗಲೂ ಕೆಂಪು. ಫೋಟೋ ಮತ್ತು ವಿಡಿಯೋಗಳೇ 350 ಜಿಬಿ ಆಗಿವೆ. ಕ್ಯಾಮೆರಾದಿಂದ ಹೊಸದನ್ನು ಇಳಿಸಬೇಕು ಅಂದರೆ ಹಳೆಯದರಲ್ಲಿ ಯಾವುದನ್ನು ಅಳಿಸಲಿ ಅಂತ ಕೂತು ಹುಡುಕಬೇಕು.

ಹೊರಗಿನ ಡಿಸ್ಕ್ ಒಂದನ್ನು ಸೇರಿಸೋಣ ಅಂತ ಇದ್ದೇನೆ. ಆದರೆ ನೋಡಿದಷ್ಟೂ ಗೊಂದಲ ಜಾಸ್ತಿ ಆಗುತ್ತಿದೆ. ಮಾಮೂಲಿ ಪೋರ್ಟಬಲ್ ಹಾರ್ಡ್ ಡಿಸ್ಕ್ ಸಾಕಾ ಅಥವಾ ತಿರುಗುವ ತಟ್ಟೆ ಇಲ್ಲದೆ ಚಿಪ್‌ಗಳಲ್ಲೇ ಉಳಿಸಿಕೊಳ್ಳುವ ಎಸ್‌ಎಸ್‌ಡಿಯೇ ಬೇಕಾ? 4 ಟಿಬಿ ಡಿಸ್ಕ್ ಹಾಕಿದರೆ ಇಷ್ಟು ಹಳೆ ಯಂತ್ರ ಅದನ್ನು ಗುರುತಿಸುತ್ತದಾ? ದೊಡ್ಡ ಪೆನ್ ಡ್ರೈವ್ ಒಂದನ್ನು ಸದಾ ಚುಚ್ಚಿ ಇಟ್ಟರೆ ಆಗಲ್ವಾ?

ಲ್ಯಾಪ್‌ಟಾಪ್‌ನಲ್ಲಿ ಏನೇನಿದೆ ಅಂತಲೂ ಹೇಳಿಬಿಡುತ್ತೇನೆ. ಎಡಗಡೆ ಎರಡು ಯುಎಸ್‌ಬಿ, ಅದರಲ್ಲಿ ಒಂದರ ಆಕಾರ ಸ್ವಲ್ಪ ಬೇರೆ, ಪಕ್ಕದಲ್ಲಿ ಇ-ಸಾಟಾ ಅಂತ ಬರೆದಿದೆ. ಬಲಗಡೆ ಇನ್ನೊಂದು ಯುಎಸ್‌ಬಿ. ಎಲ್ಲದರ ಒಳಗೂ ಕಪ್ಪು ಬಣ್ಣ. ಡಿವಿಡಿ ಡ್ರೈವ್ ಇದೆ, ಬಳಸುವುದೇ ಇಲ್ಲ. ಲ್ಯಾನ್ ಕೇಬಲ್ ಪೋರ್ಟ್ ಇದೆ. ಇನ್ನೊಂದು ಅಗಲವಾದ ಸಂದು ಇದೆ, ಅದರಲ್ಲಿ ಖಾಲಿ ಪ್ಲಾಸ್ಟಿಕ್ ಕಾರ್ಡ್ ಇಟ್ಟಿದ್ದಾರೆ, ಅದು ಯಾವುದಕ್ಕೆ ಅಂತ ನನಗೆ ಗೊತ್ತಿಲ್ಲ.

ಪೋರ್ಟ್‌ಪರಿಚಾರಕ ಉತ್ತರಿಸಿದ್ದು:

ಪೋರ್ಟ್‌ಗಳನ್ನು ಹೀಗೆ ಬಿಡಿಸಿ ಬರೆದಿದ್ದಕ್ಕೆ ಖುಷಿಯಾಯಿತು, ಹೆಚ್ಚಿನವರು ಡಿಸ್ಕ್ ಹೆಸರು ಮಾತ್ರ ಕೇಳುತ್ತಾರೆ. ಹಳೆ ಲ್ಯಾಪ್‌ಟಾಪ್‌ನಲ್ಲಿ ಡಿಸ್ಕ್ ಯಾವುದು ಅನ್ನುವುದಕ್ಕಿಂತ ಅದು ಯಾವ ದಾರಿಯಲ್ಲಿ ಒಳಗೆ ಬರುತ್ತದೆ ಅನ್ನುವುದೇ ದೊಡ್ಡದು.

ಯುಎಸ್‌ಬಿ 3.0 ಮಾನದಂಡ ಬಂದಿದ್ದು 2008ರ ಕೊನೆಗೆ. ಆದರೆ ಇಂಟೆಲ್ ಅದನ್ನು ತನ್ನ ಚಿಪ್‌ಸೆಟ್ ಒಳಗೇ ಸೇರಿಸಿದ್ದು 2012ರಲ್ಲಿ. ಅಂದರೆ 2011ರ ಯಂತ್ರದಲ್ಲಿ ಯುಎಸ್‌ಬಿ 3.0 ಇರಬೇಕಾದರೆ ತಯಾರಕರು ಬೇರೆ ಚಿಪ್ ಒಂದನ್ನು ಕೂರಿಸಿರಬೇಕು. ಕೆಲವರು ಕೂರಿಸಿದ್ದರು, ಎಲ್ಲರೂ ಅಲ್ಲ. ಒಳಗೆ ನೀಲಿ ಇದ್ದರೆ 3.0 ಅನ್ನುವುದು ಸಾಮಾನ್ಯ ಗುರುತು, ಆದರೆ ಬಣ್ಣವನ್ನೇ ನಂಬಬೇಡಿ. ಡಿವೈಸ್ ಮ್ಯಾನೇಜರ್ ತೆರೆದು ಯುನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್ ಅನ್ನುವ ಸಾಲು ಬಿಡಿಸಿ ನೋಡಿ. ಅಲ್ಲಿ ಎಕ್ಸ್‌ಟೆನ್ಸಿಬಲ್ ಹೋಸ್ಟ್ ಕಂಟ್ರೋಲರ್ ಅಂತ ಇದ್ದರೆ 3.0 ಇದೆ. ಬರೀ ಎನ್‌ಹ್ಯಾನ್ಸ್ಡ್ ಹೋಸ್ಟ್ ಕಂಟ್ರೋಲರ್ ಅಂತ ಇದ್ದರೆ 2.0 ಮಾತ್ರ.

2.0 ಆದರೆ ಏನಾಗುತ್ತದೆ? ಕಾಗದದ ಮೇಲೆ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ 60 ಎಂಬಿ. ನಿಜವಾಗಿ ಕೈಗೆ ಸಿಗುವುದು 30ರಿಂದ 40 ಎಂಬಿ. ಮಾಮೂಲಿ ಪೋರ್ಟಬಲ್ ಹಾರ್ಡ್ ಡಿಸ್ಕ್ ತಾನಾಗಿಯೇ 100 ಎಂಬಿಗಿಂತ ಜಾಸ್ತಿ ಓಡಬಲ್ಲದು, ಸಾಟಾ ಅನ್ನುವ ಹಳೆ ಸಂಪರ್ಕದ ಎಸ್‌ಎಸ್‌ಡಿ 500 ಎಂಬಿ ದಾಟುತ್ತದೆ, ಎನ್‌ವಿಎಂಇ ಅನ್ನುವ ಹೊಸ ಬಗೆಯ ಎಸ್‌ಎಸ್‌ಡಿ ಇನ್ನೂ ಮೇಲೆ. ಈ ಪೋರ್ಟ್‌ಗೆ ಚುಚ್ಚಿದ ಮೇಲೆ ಮೂರೂ 35 ಎಂಬಿಗೆ ಬಂದು ನಿಲ್ಲುತ್ತವೆ. ನಿಮ್ಮ 350 ಜಿಬಿ ಸಾಗಿಸಲು ಹತ್ತಿರ ಹತ್ತಿರ ಮೂರು ಗಂಟೆ. ಸಣ್ಣ ಸಣ್ಣ ಫೈಲ್‌ಗಳು ತುಂಬಾ ಇದ್ದರೆ ಇನ್ನೂ ಹೆಚ್ಚು. ಒಂದು ಸಲದ ಕೆಲಸ ಅಲ್ವಾ, ರಾತ್ರಿ ಹಚ್ಚಿ ಮಲಗಬಹುದು. ಸುಮ್ನೆ ಫೋಟೋ ಕೂಡಿಡಲು ಮಾತ್ರ ಆದರೆ ಹಾರ್ಡ್ ಡಿಸ್ಕ್ ಧಾರಾಳವಾಗಿ ಸಾಕು, ವೇಗಕ್ಕಾಗಿ ಎಸ್‌ಎಸ್‌ಡಿ ತಗೊಂಡರೆ ಆ ವೇಗ ಇಲ್ಲಿ ಸಿಗುವುದಿಲ್ಲ.

ಈಗ ಆ ಬೇರೆ ಆಕಾರದ ಪೋರ್ಟ್. ಅದು ಇ-ಸಾಟಾ ಮತ್ತು ಯುಎಸ್‌ಬಿ ಎರಡನ್ನೂ ತೆಗೆದುಕೊಳ್ಳುವ ಜಂಟಿ ಪೋರ್ಟ್. ನಿಮ್ಮ ಯಂತ್ರದಲ್ಲಿ ಹೊರಗಿನ ಡಿಸ್ಕ್‌ಗೆ ಇರುವ ಅತಿ ವೇಗದ ದಾರಿ ಬಹುಶಃ ಇದೇ. ಒಳಗಿನ ಡಿಸ್ಕ್ ಯಾವ ಭಾಷೆಯಲ್ಲಿ ಮಾತಾಡುತ್ತದೋ ಅದೇ ಸಾಟಾ ಸಂಪರ್ಕವನ್ನು ಹೊರಗೆ ತಂದಿದ್ದಾರೆ, ಸಾಮಾನ್ಯವಾಗಿ 3 ಗಿಗಾಬಿಟ್ ವೇಗಕ್ಕೆ. ಹಾರ್ಡ್ ಡಿಸ್ಕ್ ಹಾಕಿದರೆ ಅದರ ಪೂರ್ತಿ ವೇಗ ಸಿಗುತ್ತದೆ. ತೊಡಕು ಎರಡಿವೆ. ಮಾಮೂಲಿ ಇ-ಸಾಟಾ ಕೇಬಲ್ ಕರೆಂಟ್ ಕೊಡುವುದಿಲ್ಲ, ಹಾಗಾಗಿ ಡಿಸ್ಕ್‌ಗೆ ಬೇರೆ ಅಡಾಪ್ಟರ್ ಬೇಕು ಅಥವಾ ಜಂಟಿ ಪೋರ್ಟ್‌ನಿಂದಲೇ 5 ವೋಲ್ಟ್ ಎಳೆದುಕೊಳ್ಳುವ ವಿಶೇಷ ಕೇಬಲ್ ಬೇಕು. 2.5 ಇಂಚಿನ ಡಿಸ್ಕ್‌ಗೆ 5 ವೋಲ್ಟ್ ಸಾಕು. 3.5 ಇಂಚಿನದಕ್ಕೆ 12 ವೋಲ್ಟ್ ಕೂಡ ಬೇಕಾಗುತ್ತದೆ. ಇನ್ನೊಂದು, ಇ-ಸಾಟಾ ಇರುವ ಡಿಸ್ಕ್ ಡಬ್ಬಿಗಳು (ಡಿಸ್ಕ್ ಕೂರಿಸುವ ಹೊರ ಕವಚಗಳು) ಈಗ ಕಡಿಮೆಯಾಗಿವೆ, ಹುಡುಕಬೇಕು. ಓಡುತ್ತಿರುವಾಗಲೇ ಚುಚ್ಚಿ ಕೀಳಬೇಕಾದರೆ ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ಓಡುವ ಯಂತ್ರದ ಸೆಟ್ಟಿಂಗ್‌ಗಳಲ್ಲಿ, ಸಾಟಾ ಮೋಡ್ ಎಎಚ್‌ಸಿಐ ಆಗಿರಬೇಕು. ಐಡಿಇ ಅನ್ನುವ ಹಳೆ ಮೋಡ್ ಇದ್ದರೆ ಅದನ್ನು ಥಟ್ಟನೆ ಬದಲಿಸಬೇಡಿ, ವಿಂಡೋಸ್ ಮೇಲೇಳದೆ ಹೋಗಬಹುದು.

ಪ್ಲಾಸ್ಟಿಕ್ ಕಾರ್ಡ್ ಇರುವ ಸಂದು ಎಕ್ಸ್‌ಪ್ರೆಸ್‌ಕಾರ್ಡ್ ಇರಬೇಕು. ಅದಕ್ಕೆ ಯುಎಸ್‌ಬಿ 3.0 ಕಾರ್ಡ್ ಸಿಗುತ್ತದೆ. 34 ಮತ್ತು 54 ಮಿಲಿಮೀಟರ್ ಅಂತ ಎರಡು ಅಗಲ ಇವೆ, 34ರ ಕಾರ್ಡ್ ಎರಡರಲ್ಲೂ ಕೂರುತ್ತದೆ. ಆದರೆ ಈ ಸಂದು ಕೊಡುವುದು 3.3 ಮತ್ತು 1.5 ವೋಲ್ಟ್ ಮಾತ್ರ, ಯುಎಸ್‌ಬಿಗೆ ಬೇಕಾದ 5 ವೋಲ್ಟ್ ಅಲ್ಲಿ ಇಲ್ಲ. ಅದಕ್ಕೇ ಅನೇಕ ಕಾರ್ಡ್‌ಗಳ ಜೊತೆ ಕರೆಂಟ್‌ಗೆ ಅಂತ ಇನ್ನೊಂದು ವೈರ್ ಬರುತ್ತದೆ. ಸ್ವಂತ ಅಡಾಪ್ಟರ್ ಇರುವ ದೊಡ್ಡ ಡಿಸ್ಕ್ ಹಾಕುವುದಾದರೆ ಈ ಕಾರ್ಡ್ ಚೆನ್ನ, ಪುಟ್ಟ ಪೋರ್ಟಬಲ್ ಡಿಸ್ಕ್‌ಗೆ ಕಿರಿಕಿರಿ.

4 ಟಿಬಿ ನಡೆಯುತ್ತದೆ. ಚಿಂತೆ ಬೇಡ. 2 ಟಿಬಿ ಗಡಿ ಇರುವುದು ಎಂಬಿಆರ್ ಅನ್ನುವ ಹಳೆ ಪಾರ್ಟಿಷನ್ (ಡಿಸ್ಕನ್ನು ಭಾಗ ಮಾಡುವ) ಪದ್ಧತಿಗೆ. ಜಿಪಿಟಿ ಅನ್ನುವ ಹೊಸ ಪದ್ಧತಿ ಇದ್ದರೆ ಆ ಗಡಿ ಇಲ್ಲ, ವಿಂಡೋಸ್ 7ರಿಂದ ಈಚೆಗಿನ ಎಲ್ಲವೂ ಜಿಪಿಟಿ ಡಿಸ್ಕ್‌ನಲ್ಲಿ ಡೇಟಾ ಓದಿ ಬರೆಯುತ್ತವೆ. ಹಳೆ ಬಯೋಸ್ ಅಡ್ಡ ಬರುವುದು ಅದರಿಂದಲೇ ವಿಂಡೋಸ್ ಬೂಟ್ ಮಾಡಲು ಹೊರಟರೆ ಮಾತ್ರ. ಚುಚ್ಚಿದ ಮೇಲೆ 3.63 ಅಂತ ತೋರಿಸಿದರೆ ಗಾಬರಿಯಾಗಬೇಡಿ, ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಪೆನ್ ಡ್ರೈವ್ ಬೇಡ. ಸಾಗಿಸಲು ಮಾಡಿದ್ದು ಅದು, ಸಂಗ್ರಹಕ್ಕಲ್ಲ. ಸದಾ ಬರೆಯುತ್ತಾ ಅಳಿಸುತ್ತಾ ಇದ್ದರೆ ಬೇಗ ಸವೆಯುತ್ತದೆ, ಹೋಗುವಾಗ ಮುನ್ಸೂಚನೆ ಕೊಡುವುದೂ ಇಲ್ಲ.

ಸ್ಕ್ರೂಡ್ರೈವರ್_ಸ್ನೇಹಿತ ಉತ್ತರಿಸಿದ್ದು:

ಮೇಲಿನವರು ಪೋರ್ಟ್ ಬಗ್ಗೆ ಹೇಳಿದ್ದು ಸರಿ. ಆದರೆ ನಾನು ಪ್ರಶ್ನೆಯನ್ನೇ ತಿರುಗಿಸಿ ಹಾಕುತ್ತೇನೆ. ಹೊರಗೆ ಎಸ್‌ಎಸ್‌ಡಿ ಯಾಕೆ? ಒಳಗೆ ಹಾಕಿ. ಈ ಯಂತ್ರದ ಅತಿ ವೇಗದ ದಾರಿ ಒಳಗಿನ ಸಾಟಾ, ಅಲ್ಲಿ ಈಗ ಅತಿ ನಿಧಾನದ ಡಿಸ್ಕ್ ಕೂತಿದೆ. ಅಲ್ಲಿಗೆ ಎಸ್‌ಎಸ್‌ಡಿ ಬಂದರೆ ಲ್ಯಾಪ್‌ಟಾಪ್ ಆನ್ ಆಗುವುದು, ಪ್ರೋಗ್ರಾಂ ತೆರೆಯುವುದು, ಫೋಟೋಗಳ ಚಿಕ್ಕ ಚಿತ್ರಗಳು ಮೂಡುವುದು ಎಲ್ಲ ಬದಲಾಗುತ್ತದೆ. ಸಾಟಾ 3 ಗಿಗಾಬಿಟ್ ಇದ್ದರೂ ಸೆಕೆಂಡಿಗೆ 250 ಎಂಬಿ ಮೇಲೆಯೇ ಸಿಗುತ್ತದೆ, ಹೊರಗಿನ ಯುಎಸ್‌ಬಿ 2.0ಗಿಂತ ಏಳೆಂಟು ಪಟ್ಟು. ಅದಕ್ಕಿಂತ ಮುಖ್ಯ ವಿಷಯ ಅಂದರೆ ತಿರುಗುವ ಡಿಸ್ಕ್‌ನಲ್ಲಿ ಸೂಜಿ ಅತ್ತಿತ್ತ ಓಡಾಡಿ ಫೈಲ್ ಹುಡುಕಬೇಕು, ಎಸ್‌ಎಸ್‌ಡಿಯಲ್ಲಿ ಆ ಓಡಾಟವೇ ಇಲ್ಲ.

ಕೆಲಸ ಕಷ್ಟವಿಲ್ಲ. ಆ ಕಾಲದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಕೆಳಗಡೆ ಒಂದು ಚಿಕ್ಕ ಮುಚ್ಚಳ, ಒಂದೆರಡು ಸ್ಕ್ರೂ, ಅಷ್ಟೇ. ಮೊದಲು ಬ್ಯಾಟರಿ ಕಳಚಿ. 2.5 ಇಂಚಿನ ಸಾಟಾ ಎಸ್‌ಎಸ್‌ಡಿ ತಗೊಳ್ಳಿ, ಚಪ್ಪಟೆ ಕಡ್ಡಿಯಂತಿರುವ ಎಂ.2 ಅಲ್ಲ, ಅದು ಇದರಲ್ಲಿ ಕೂರುವುದಿಲ್ಲ. ಹೊಸ ಎಸ್‌ಎಸ್‌ಡಿಗಳ ದಪ್ಪ 7 ಮಿಲಿಮೀಟರ್, ಹಳೆ ಜಾಗ ಸಾಮಾನ್ಯವಾಗಿ 9.5ರದ್ದು. ಸಡಿಲ ಅನ್ನಿಸಿದರೆ ಪ್ಲಾಸ್ಟಿಕ್ ಚೌಕಟ್ಟು ಒಂದನ್ನು ಅಂಟಿಸುತ್ತಾರೆ, ಹಲವು ಎಸ್‌ಎಸ್‌ಡಿಗಳ ಜೊತೆ ಅದೂ ಬರುತ್ತದೆ.

ತೆಗೆದ ಹಳೆ 500 ಜಿಬಿ ಡಿಸ್ಕ್‌ಗೆ ಎರಡು ದಾರಿ. ಒಂದು, ಯುಎಸ್‌ಬಿ ಡಬ್ಬಿಗೆ ಹಾಕಿ ಹೊರಗಿನ ಡಿಸ್ಕ್ ಮಾಡಿಕೊಳ್ಳುವುದು. ಇನ್ನೊಂದು ನನಗೆ ಇಷ್ಟವಾದದ್ದು. ಡಿವಿಡಿ ಡ್ರೈವ್ ಬಳಸಲ್ಲ ಅಂದಿರಲ್ಲ, ಅದನ್ನು ಎಳೆದು ಆ ಜಾಗಕ್ಕೆ ಕ್ಯಾಡಿ ಅನ್ನುವ ಚೌಕಟ್ಟು ಹಾಕಿದರೆ ಎರಡನೇ ಡಿಸ್ಕ್ ಒಳಗೇ ಕೂರುತ್ತದೆ. ವೈರ್ ನೇತಾಡುವ ತಲೆನೋವಿಲ್ಲ. ಕ್ಯಾಡಿ 9.5 ಮತ್ತು 12.7 ಮಿಲಿಮೀಟರ್ ಅಂತ ಎರಡು ದಪ್ಪಗಳಲ್ಲಿ ಬರುತ್ತದೆ. ಡಿವಿಡಿ ಡ್ರೈವ್ ಹೊರಗೆ ತೆಗೆದು ಅಳೆದ ಮೇಲೆಯೇ ತಗೊಳ್ಳಿ. ಎಸ್‌ಎಸ್‌ಡಿಯನ್ನು ಮೂಲ ಜಾಗಕ್ಕೆ, ತಿರುಗುವ ಡಿಸ್ಕನ್ನು ಕ್ಯಾಡಿಗೆ ಹಾಕಿ. ಕೆಲವು ಯಂತ್ರಗಳಲ್ಲಿ ಡಿವಿಡಿ ಕಡೆಯ ಸಾಟಾ ನಿಧಾನ ಇರುತ್ತದೆ, ಬೂಟ್ ಆಗಲೂ ತಕರಾರು ಮಾಡುತ್ತದೆ.

ಇದೆಲ್ಲ ಮಾಡುವ ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ತಂತ್ರಾಂಶದಲ್ಲಿ ಹಳೆ ಡಿಸ್ಕ್‌ನ ಆರೋಗ್ಯ ನೋಡಿ ಇಲ್ಲಿ ಹಾಕಿ. ಇಷ್ಟು ವರ್ಷ ಓಡಿದ ಡಿಸ್ಕ್ ಅದು.

ಫೋಟೋಪೆಟ್ಟಿಗೆ ಬರೆದದ್ದು:

ಇಬ್ಬರಿಗೂ ತುಂಬಾ ಧನ್ಯವಾದ. ಡಿವೈಸ್ ಮ್ಯಾನೇಜರ್‌ನಲ್ಲಿ ಎನ್‌ಹ್ಯಾನ್ಸ್ಡ್ ಅಂತ ಎರಡು ಸಾಲು ಇವೆ, ಎಕ್ಸ್‌ಟೆನ್ಸಿಬಲ್ ಇಲ್ಲ. ಅಂದರೆ 2.0 ಮಾತ್ರ ಅಂತಾಯಿತು.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿದೆ. ಹಳದಿ ಬಣ್ಣದಲ್ಲಿ ಕಾಷನ್ ಅಂತ ತೋರಿಸುತ್ತಿದೆ. ಕರೆಂಟ್ ಪೆಂಡಿಂಗ್ ಸೆಕ್ಟರ್ ಕೌಂಟ್ ಅನ್ನುವ ಸಾಲಿನ ಮುಂದೆ 8 ಇದೆ, ರಿಅಲೊಕೇಟೆಡ್ ಮುಂದೆ ಸೊನ್ನೆ. ಇದು ಗಂಭೀರವೇ? ಲ್ಯಾಪ್‌ಟಾಪ್ ಏನೋ ಚೆನ್ನಾಗಿಯೇ ಓಡುತ್ತಿದೆ. ಫೋಟೋಗಳು ಬೇರೆಲ್ಲೂ ಇಲ್ಲ, ಇರುವುದು ಇದೊಂದರಲ್ಲೇ.

ಎರಡುಪ್ರತಿ ಉತ್ತರಿಸಿದ್ದು:

ಕೊನೆಯ ಸಾಲು ಓದಿ ಬರೆಯುತ್ತಿದ್ದೇನೆ. ದಯವಿಟ್ಟು ಬೇರೆಲ್ಲ ಬಿಟ್ಟು ಇದನ್ನು ಮೊದಲು ಮಾಡಿ.

ಪೆಂಡಿಂಗ್ ಸೆಕ್ಟರ್ ಅಂದರೆ ಡಿಸ್ಕ್ ಓದಲು ಹೋಗಿ ಓದಲಾಗದೆ ಅನುಮಾನದ ಪಟ್ಟಿಗೆ ಸೇರಿಸಿಟ್ಟಿರುವ ಜಾಗಗಳು, ರಿಅಲೊಕೇಟೆಡ್ ಅಂದರೆ ಕೆಟ್ಟವು ಅಂತ ಈಗಾಗಲೇ ಬದಲಿಸಿದವು. 8 ಅನ್ನುವುದು ಪ್ರಳಯವಲ್ಲ. ಅಷ್ಟರಲ್ಲೇ ನಿಂತು ಡಿಸ್ಕ್ ಇನ್ನೂ ಬಹಳ ಕಾಲ ಓಡಲೂಬಹುದು, ನಾಳೆ ಆ ಸಂಖ್ಯೆ ನೂರಾಗಲೂಬಹುದು. ಯಾವುದು ಆಗುತ್ತದೆ ಅಂತ ಮೊದಲೇ ಹೇಳಲು ಯಾರಿಗೂ ಸಾಧ್ಯವಿಲ್ಲ, ಹಾಗಾಗಿ ಆಗುವುದಕ್ಕೆ ಮೊದಲು ಪ್ರತಿ ಹೊರಗೆ ಬರಬೇಕು. ಚೆನ್ನಾಗಿ ಓಡುತ್ತಿದೆ ಅನ್ನುವುದನ್ನು ಲೆಕ್ಕಕ್ಕೆ ಇಡಬೇಡಿ. ಹಾಳಾದ ಜಾಗದಲ್ಲಿ ಇರುವ ಫೋಟೋ ತೆರೆಯುವವರೆಗೂ ಏನೂ ಗೊತ್ತಾಗುವುದಿಲ್ಲ.

ಇವತ್ತು ಈ ಡಿಸ್ಕ್ ಮೇಲೆ ಡಿಫ್ರಾಗ್ (ಚದುರಿದ ಫೈಲ್ ತುಣುಕುಗಳನ್ನು ಒಟ್ಟುಗೂಡಿಸುವುದು) ಮಾಡಬೇಡಿ. ಚೆಕ್‌ಡಿಸ್ಕ್ ರಿಪೇರಿ ಓಡಿಸಬೇಡಿ, ಇಡೀ ಡಿಸ್ಕನ್ನು ಕ್ಲೋನ್ ಮಾಡುವ ಯೋಚನೆಯೂ ಮೊದಲಿಗೆ ಬೇಡ. ಇವೆಲ್ಲ ಸುಸ್ತಾದ ಡಿಸ್ಕ್‌ನಿಂದ ಜಾಸ್ತಿ ಕೆಲಸ ತೆಗೆಯುತ್ತವೆ. ಮಾಮೂಲಿ ಪೋರ್ಟಬಲ್ ಹಾರ್ಡ್ ಡಿಸ್ಕ್ ಒಂದನ್ನು ತಂದು ಯುಎಸ್‌ಬಿ 2.0ಗೇ ಚುಚ್ಚಿ, ನಿಧಾನವಾದರೂ ಪರವಾಗಿಲ್ಲ, ಮತ್ತೆ ಸಿಗದಂಥ ಫೋಟೋಗಳಿಂದ ಶುರು ಮಾಡಿ. ಮನೆಯವರ ಫೋಟೋ, ತೀರಿಕೊಂಡವರ ಫೋಟೋ, ಮಕ್ಕಳ ಚಿಕ್ಕಂದಿನ ವಿಡಿಯೋ. ಇಳಿಸಿಕೊಂಡ ಸಿನಿಮಾ, ಇನ್‌ಸ್ಟಾಲರ್ ಇವೆಲ್ಲ ಕೊನೆಗೆ. ಒಂದೇ ಸಲ 350 ಜಿಬಿ ಎಳೆಯದೆ ಫೋಲ್ಡರ್ ಫೋಲ್ಡರ್ ಆಗಿ ಮಾಡಿದರೆ ಎಲ್ಲಿ ಎಡವಿತು ಅಂತ ತಿಳಿಯುತ್ತದೆ. ಕಟ್ ಮಾಡಿ ಪೇಸ್ಟ್ ಮಾಡಬೇಡಿ, ಕಾಪಿ ಮಾತ್ರ. ಟೆರಾಕಾಪಿಯಂಥ ಕಾಪಿ ಮಾಡುವ ತಂತ್ರಾಂಶದಲ್ಲಿ ವೆರಿಫೈ ಆಯ್ಕೆ ಇದೆ, ಬರೆದ ಮೇಲೆ ಎರಡೂ ಕಡೆಯದನ್ನು ಹೋಲಿಸಿ ನೋಡುತ್ತದೆ. ಸಮಯ ಎರಡು ಪಟ್ಟಾಗುತ್ತದೆ, ಆಗಲಿ.

ಇನ್ನೊಂದು ಮಾತು, ಇದನ್ನು ನಾನು ಎಷ್ಟು ಜನರಿಗೆ ಹೇಳಿದರೂ ಸಾಲದು ಅನ್ನಿಸುತ್ತದೆ. ಜಾಗ ಸಾಲುತ್ತಿಲ್ಲ ಅಂತ ಹೊರಗಿನ ಡಿಸ್ಕ್ ತರುತ್ತಾರೆ, ಎಲ್ಲವನ್ನೂ ಅದಕ್ಕೆ ಸಾಗಿಸುತ್ತಾರೆ, ಲ್ಯಾಪ್‌ಟಾಪ್‌ನಿಂದ ಅಳಿಸುತ್ತಾರೆ. ಆಮೇಲೆ ಬ್ಯಾಕಪ್ ಇದೆ ಅಂತ ನಿಶ್ಚಿಂತೆಯಾಗಿರುತ್ತಾರೆ. ಅದು ಬ್ಯಾಕಪ್ ಅಲ್ಲ. ಇದ್ದ ಒಂದೇ ಪ್ರತಿಯ ಜಾಗ ಬದಲಾಗಿದೆ ಅಷ್ಟೇ, ಅದೂ ಮೇಜಿನಿಂದ ಬೀಳಬಹುದಾದ ಡಿಸ್ಕ್‌ಗೆ. ತಿರುಗುತ್ತಿರುವಾಗ ಬಿದ್ದ ಹಾರ್ಡ್ ಡಿಸ್ಕ್‌ನಿಂದ ಡೇಟಾ ತೆಗೆಸುವುದು ಕಷ್ಟದ ಕೆಲಸ, ಆಗಿಯೇ ಆಗುತ್ತದೆ ಅನ್ನುವ ಖಾತ್ರಿ ಇಲ್ಲ. 4 ಟಿಬಿಯ ಒಂದು ಡಿಸ್ಕ್ ತರುವ ಬದಲು 2 ಟಿಬಿಯ ಎರಡು ತನ್ನಿ. ಒಂದು ದಿನಬಳಕೆಗೆ, ಇನ್ನೊಂದು ಬೀರುವಿನಲ್ಲಿ ಅಥವಾ ಬೇರೆ ಯಾರಾದರೂ ನಂಬಿಕಸ್ಥರ ಮನೆಯಲ್ಲಿ. ತಿಂಗಳಿಗೊಮ್ಮೆ ಹೊರತೆಗೆದು ಹೊಸದನ್ನು ಸೇರಿಸಿ.

ಬೀರುವಿನಲ್ಲಿ ಇಡುವುದು ಹಾರ್ಡ್ ಡಿಸ್ಕೇ ಆಗಿರಲಿ. ಎಸ್‌ಎಸ್‌ಡಿಯನ್ನು ವರ್ಷಗಟ್ಟಲೆ ಕರೆಂಟ್ ಇಲ್ಲದೆ ಇಟ್ಟರೆ ಅದರಲ್ಲಿರುವ ವಿದ್ಯುತ್ ಅಂಶ ಮೆಲ್ಲನೆ ಸೋರುತ್ತದೆ, ದೀರ್ಘ ಸಂಗ್ರಹಕ್ಕೆ ಅದು ಹೇಳಿ ಮಾಡಿಸಿದ್ದಲ್ಲ.

ಸ್ಕ್ರೂಡ್ರೈವರ್_ಸ್ನೇಹಿತ ಬರೆದದ್ದು:

ಎರಡುಪ್ರತಿ ಅವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. 8 ಪೆಂಡಿಂಗ್ ಇರುವ ಡಿಸ್ಕನ್ನು ಕ್ಯಾಡಿಗೂ ಹಾಕಬೇಡಿ, ಡಬ್ಬಿಗೂ ಹಾಕಬೇಡಿ. ಪ್ರತಿ ತೆಗೆದ ಮೇಲೆ ಎಸ್‌ಎಸ್‌ಡಿ ಹಾಕಿ ವಿಂಡೋಸ್ ಹೊಸದಾಗಿ ಹಾಕಿಕೊಳ್ಳಿ. ಹಳೆ ಡಿಸ್ಕನ್ನು ಅಳಿಸದೆ ಹಾಗೇ ಎತ್ತಿಡಿ, ಏನಾದರೂ ಬಿಟ್ಟುಹೋಗಿದ್ದರೆ ಹುಡುಕಲು ಇರಲಿ.

ಪೆಂಗ್ವಿನ್‌ಮನೆ ಉತ್ತರಿಸಿದ್ದು:

ಯಾರೂ ಲ್ಯಾನ್ ಪೋರ್ಟ್ ಕಡೆ ನೋಡಲಿಲ್ಲವಲ್ಲ. 2011ರ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಗಿಗಾಬಿಟ್ ಲ್ಯಾನ್ ಇರುತ್ತದೆ. ಇದ್ದರೆ ಸೆಕೆಂಡಿಗೆ 110 ಎಂಬಿ ಹತ್ತಿರ ಸಿಗುತ್ತದೆ, ಅಂದರೆ ನಿಮ್ಮ ಯುಎಸ್‌ಬಿ 2.0ರ ಮೂರು ಪಟ್ಟು. ಮನೆಯಲ್ಲಿ ಇನ್ನೊಂದು ಹೊಸ ಕಂಪ್ಯೂಟರ್ ಇದ್ದರೆ ಹೊರಗಿನ ಡಿಸ್ಕನ್ನು ಅದರ ಯುಎಸ್‌ಬಿ 3.0ಗೆ ಚುಚ್ಚಿ, ಫೋಲ್ಡರ್ ಹಂಚಿಕೆ ಮಾಡಿ, ಎರಡನ್ನೂ ಕೇಬಲ್‌ನಿಂದ ಜೋಡಿಸಿ ನೋಡಿ. ಈ ವೇಗಕ್ಕೆ ಹಳೆ ಡಿಸ್ಕ್ ತಾನೇ ಏದುಸಿರು ಬಿಡುತ್ತದೆ, ಲ್ಯಾನ್ ಅಲ್ಲ. ಮುಂದೆ ಯಾವತ್ತಾದರೂ ನ್ಯಾಸ್ ಅನ್ನುವ, ಮನೆಯ ನೆಟ್‌ವರ್ಕ್‌ಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ ಹಾಕಿಕೊಂಡರೂ ಇದೇ ದಾರಿ, ಮನೆಯವರ ಎಲ್ಲ ಫೋನ್‌ಗಳಿಗೂ ಅದು ಸಿಗುತ್ತದೆ. ಕೇಬಲ್ ಕ್ಯಾಟ್ 5ಇ ಅಥವಾ ಅದಕ್ಕಿಂತ ಮೇಲಿನದು ಇರಲಿ, ಎಂಟೂ ತಂತಿ ಸರಿಯಿರಲಿ. ಒಳಗೆ ಒಂದು ತಂತಿ ತುಂಡಾಗಿದ್ದರೂ ಸಂಪರ್ಕ 100 ಮೆಗಾಬಿಟ್‌ಗೆ ಇಳಿದು ಸೆಕೆಂಡಿಗೆ 11 ಎಂಬಿ ಮಾತ್ರ ಬರುತ್ತದೆ, ಜನ ಕಂಪ್ಯೂಟರ್ ಹಳೆಯದಾಯಿತು ಅಂದುಕೊಳ್ಳುತ್ತಾರೆ. ವೈಫೈನಲ್ಲಿ ಇಷ್ಟೊಂದು ಸಾಗಿಸಬೇಡಿ.

ಫಾರ್ಮ್ಯಾಟ್, ಅಂದರೆ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿ, ಅದರ ಬಗ್ಗೆ. ವಿಂಡೋಸ್‌ನಲ್ಲಿ ಮಾತ್ರ ಬಳಸುವುದಾದರೆ ಎನ್‌ಟಿಎಫ್‌ಎಸ್ ಇರಲಿ. ಮಧ್ಯೆ ವೈರ್ ಕಿತ್ತುಬಂದರೂ ತನ್ನ ದಿನಚರಿ ನೋಡಿ ಚೇತರಿಸಿಕೊಳ್ಳುವ ಶಕ್ತಿ ಅದಕ್ಕಿದೆ, ಎಕ್ಸ್‌ಫ್ಯಾಟ್ ಅನ್ನುವ ಇನ್ನೊಂದು ಫಾರ್ಮ್ಯಾಟ್‌ಗೆ ಅದು ಇಲ್ಲ. ಮ್ಯಾಕ್‌ನಲ್ಲೂ ಬರೆಯಬೇಕು ಅಂದರೆ ಎಕ್ಸ್‌ಫ್ಯಾಟ್ ಅನಿವಾರ್ಯ, ಯಾಕಂದರೆ ಮ್ಯಾಕ್ ಎನ್‌ಟಿಎಫ್‌ಎಸ್ ಅನ್ನು ಓದುತ್ತದೆ, ಬರೆಯುವುದಿಲ್ಲ. ಫ್ಯಾಟ್32 ಬೇಡವೇ ಬೇಡ, 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಕೂರುವುದಿಲ್ಲ, ನಿಮ್ಮ ವಿಡಿಯೋಗಳು ಅಲ್ಲೇ ಸಿಕ್ಕಿಕೊಳ್ಳುತ್ತವೆ. ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಲಿನಕ್ಸ್‌ಗೆ ಬರುವುದಾದರೆ ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್ ಎರಡಕ್ಕೂ ತೊಂದರೆ ಇಲ್ಲ, ಎಕ್ಸ್‌ಫ್ಯಾಟ್ 2019ರ 5.4 ಕರ್ನಲ್‌ನಿಂದ (ಲಿನಕ್ಸ್‌ನ ತಿರುಳು ಭಾಗ), ಎನ್‌ಟಿಎಫ್‌ಎಸ್‌ಗೆ ಬರೆಯುವ ಹೊಸ ಡ್ರೈವರ್ 2021ರ 5.15ರಿಂದ ಒಳಗೇ ಇವೆ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹೇಗೂ ಎಸ್‌ಎಸ್‌ಡಿ ಹಾಕಿ ಹೊಸದಾಗಿ ಶುರು ಮಾಡುತ್ತೀರಿ ಅಂದರೆ ಒಮ್ಮೆ ಲಿನಕ್ಸ್ ಯೋಚಿಸಿ. ಬಲವಂತವಿಲ್ಲ.

ಪೋರ್ಟ್‌ಪರಿಚಾರಕ ಬರೆದದ್ದು:

ಲ್ಯಾನ್ ವಿಷಯ ಸೇರಿಸಿದ್ದು ಒಳ್ಳೆಯದಾಯಿತು. ಡಿಸ್ಕ್ ತರುವ ಮುನ್ನ ಕರೆಂಟ್ ಬಗ್ಗೆ ಸ್ವಲ್ಪ ಹೇಳಬೇಕು, ಹಳೆ ಲ್ಯಾಪ್‌ಟಾಪ್‌ಗಳಲ್ಲಿ ಜನ ನಿಜಕ್ಕೂ ಒದ್ದಾಡುವುದು ಇಲ್ಲೇ.

ಯುಎಸ್‌ಬಿ 2.0 ಪೋರ್ಟ್ ನಿಯಮದ ಪ್ರಕಾರ ಕೊಡಬೇಕಾದ್ದು 500 ಮಿಲಿಆಂಪಿಯರ್, 3.0 ಆದರೆ 900. ಪೋರ್ಟಬಲ್ ಹಾರ್ಡ್ ಡಿಸ್ಕ್ ಒಂದು ಸಲ ತಿರುಗಲು ಶುರುವಾದ ಮೇಲೆ ಕಡಿಮೆಯಲ್ಲೇ ಓಡುತ್ತದೆ. ಆದರೆ ತಟ್ಟೆಯನ್ನು ನಿಂತಲ್ಲಿಂದ ತಿರುಗಿಸುವ ಆ ಕೆಲವು ಸೆಕೆಂಡು ಅದಕ್ಕಿಂತ ಜಾಸ್ತಿ ಕೇಳುತ್ತದೆ, ಕೆಲವು 1 ಆಂಪಿಯರ್ ಹತ್ತಿರ. ಅನೇಕ ಲ್ಯಾಪ್‌ಟಾಪ್‌ಗಳು ನಿಯಮಕ್ಕಿಂತ ಸ್ವಲ್ಪ ಧಾರಾಳವಾಗಿ ಕೊಡುವುದರಿಂದ ಹೆಚ್ಚಿನ ಕಡೆ ನಡೆದುಹೋಗುತ್ತದೆ. ಕೊಡದಿದ್ದರೆ ಡಿಸ್ಕ್ ಟಿಕ್ ಟಿಕ್ ಅನ್ನುತ್ತದೆ, ಕಾಣಿಸಿಕೊಳ್ಳುತ್ತದೆ, ಮಾಯವಾಗುತ್ತದೆ, ಕಾಪಿಯ ಮಧ್ಯೆ ನಿಲ್ಲುತ್ತದೆ. ಡಿಸ್ಕ್ ಕೆಟ್ಟಿದೆ ಅಂತ ವಾಪಸ್ ಮಾಡುವ ಮೊದಲು ಬೇರೆ ಪೋರ್ಟ್‌ಗೆ ನೇರವಾಗಿ ಚುಚ್ಚಿ. ಕರೆಂಟ್ ಇಲ್ಲದ ಹಬ್ ಮೂಲಕ ಬೇಡ. ಜೊತೆಗೆ ಬಂದ ಗಿಡ್ಡ ಕೇಬಲ್ಲೇ ಬಳಸಿ, ಉದ್ದ ಕೇಬಲ್‌ನಲ್ಲಿ ವೋಲ್ಟೇಜ್ ಇಳಿಯುತ್ತದೆ. ಆಗಲೂ ಆಗದಿದ್ದರೆ ಒಂದು ಕಡೆ ಎರಡು ಪ್ಲಗ್ ಇರುವ ವೈ ಕೇಬಲ್ ಸಿಗುತ್ತದೆ, ಎರಡು ಪೋರ್ಟ್‌ಗಳಿಂದ ಎಳೆದುಕೊಳ್ಳುತ್ತದೆ. ಸ್ವಂತ ಅಡಾಪ್ಟರ್ ಇರುವ ಹಬ್ ಇದ್ದರೆ ಇನ್ನೂ ವಾಸಿ. ಎನ್‌ವಿಎಂಇ ಡಬ್ಬಿಗಳನ್ನು ಇದಕ್ಕೆ ತರಲೇಬೇಡಿ, ತಿರುಗುವ ಭಾಗ ಇಲ್ಲದಿದ್ದರೂ ಬರೆಯುವಾಗ ಅವು ತಿನ್ನುವ ಕರೆಂಟ್ ಕಡಿಮೆಯೇನಲ್ಲ. ಸಾಟಾ ಎಸ್‌ಎಸ್‌ಡಿ ಸಾಮಾನ್ಯವಾಗಿ ಕಾಟ ಕೊಡುವುದಿಲ್ಲ.

ದೊಡ್ಡ ಪೋರ್ಟಬಲ್ ಡಿಸ್ಕ್‌ಗಳಲ್ಲಿ ಹೆಚ್ಚಿನವು ಎಸ್‌ಎಂಆರ್, ಹೆಂಚು ಹೊದಿಸಿದಂತೆ ಒಂದು ಪಟ್ಟಿಯ ಅಂಚಿನ ಮೇಲೆ ಇನ್ನೊಂದನ್ನು ಬರೆಯುತ್ತವೆ. ಒಂದೇ ಸಮನೆ ಬಹಳ ಹೊತ್ತು ಬರೆದರೆ ಮಧ್ಯೆ ವೇಗ ಕುಸಿಯುತ್ತದೆ. ಡಿಸ್ಕ್ ಕೆಟ್ಟಿದೆ ಅಂದುಕೊಳ್ಳಬೇಡಿ, ಸ್ವಲ್ಪ ಸುಮ್ಮನೆ ಬಿಟ್ಟರೆ ಚೇತರಿಸಿಕೊಳ್ಳುತ್ತದೆ. ನಿಮ್ಮ 35 ಎಂಬಿ ವೇಗಕ್ಕೆ ಅದು ಅಷ್ಟಾಗಿ ಕಾಣಿಸುವುದೂ ಇಲ್ಲ.

ಹೆಸರೇ ಕೇಳದ ತಯಾರಕರ 16 ಟಿಬಿ ಪುಟಾಣಿ ಎಸ್‌ಎಸ್‌ಡಿ ಅಂತ ಆನ್‌ಲೈನ್‌ನಲ್ಲಿ ನಂಬಲಾಗದಷ್ಟು ಅಗ್ಗಕ್ಕೆ ಬರುತ್ತವೆ. ಒಳಗೆ ಚಿಕ್ಕ ಮೆಮೊರಿ ಕಾರ್ಡ್ ಇಟ್ಟು ಸುಳ್ಳು ಅಳತೆ ತೋರಿಸುವಂತೆ ಮಾಡಿರುತ್ತಾರೆ. ಜಾಗ ಮುಗಿದ ಮೇಲೂ ಬರೆದಂತೆ ನಟಿಸುತ್ತದೆ, ಫೈಲ್‌ಗಳ ಹೆಸರು ಕಾಣುತ್ತದೆ, ಒಳಗೆ ಏನೂ ಇರುವುದಿಲ್ಲ. ಯಾವ ಹೊಸ ಡಿಸ್ಕ್ ತಂದರೂ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಪರೀಕ್ಷೆಯ ತಂತ್ರಾಂಶ ಓಡಿಸಿ, ಲಿನಕ್ಸ್ ಆದರೆ ಎಫ್3. ಪೂರ್ತಿ ತುಂಬಿಸಿ ಮತ್ತೆ ಓದಿ ನೋಡುತ್ತವೆ. ನಿಮ್ಮ ಪೋರ್ಟ್‌ನಲ್ಲಿ 2 ಟಿಬಿ ಪರೀಕ್ಷೆಗೆ ಒಂದು ದಿನಕ್ಕಿಂತ ಜಾಸ್ತಿ ಬೇಕು, ಹಾಗಾಗಿ ಯುಎಸ್‌ಬಿ 3.0 ಇರುವ ಬೇರೆ ಯಾರದ್ದಾದರೂ ಕಂಪ್ಯೂಟರ್‌ನಲ್ಲಿ ಮಾಡಿಸಿ. ಆದರೆ ನಿಮ್ಮ ಸದ್ಯದ ಪರಿಸ್ಥಿತಿಯಲ್ಲಿ ಮೊದಲು ಪ್ರತಿ, ಆಮೇಲೆ ಪರೀಕ್ಷೆ. ಎರಡನೇ ಡಿಸ್ಕ್ ಬಂದಾಗ ಅದನ್ನು ಪರೀಕ್ಷಿಸಿ.

ಫೋಟೋಪೆಟ್ಟಿಗೆ ಬರೆದದ್ದು:

ಇಷ್ಟು ಕಾಳಜಿಯಿಂದ ಬರೆದಿದ್ದೀರಿ, ನಿಜಕ್ಕೂ ಮನಸ್ಸು ತುಂಬಿತು. 2 ಟಿಬಿಯ ಪೋರ್ಟಬಲ್ ಹಾರ್ಡ್ ಡಿಸ್ಕ್ ತಂದು ಫೋಲ್ಡರ್ ಫೋಲ್ಡರ್ ಆಗಿ ಕಾಪಿ ಮಾಡಿದೆ. ಎಡಗಡೆಯ ಮಾಮೂಲಿ ಪೋರ್ಟ್‌ನಲ್ಲಿ ಸರಾಗವಾಗಿ ಓಡಿತು, ಬಲಗಡೆಯದರಲ್ಲಿ ಎರಡು ಸಲ ಮಾಯವಾಯಿತು, ಕರೆಂಟ್ ಬಗ್ಗೆ ಓದಿದ್ದರಿಂದ ಕೂಡಲೇ ಹೊಳೆಯಿತು. ಎಲ್ಲ ಫೋಟೋಗಳೂ ವೆರಿಫೈ ಆದವು, ಒಂದು ವಿಡಿಯೋ ಮಾತ್ರ ಓದಲು ಆಗುತ್ತಿಲ್ಲ ಅಂತ ನಿಂತಿತು. ಅದನ್ನು ಬಿಟ್ಟು ಮುಂದಕ್ಕೆ ಹೋದೆ. ಎರಡನೇ 2 ಟಿಬಿ ಡಿಸ್ಕ್ ಮತ್ತು ಒಳಗೆ ಹಾಕಲು 500 ಜಿಬಿ ಸಾಟಾ ಎಸ್‌ಎಸ್‌ಡಿ ತರಿಸಲು ಹೇಳಿದ್ದೇನೆ.

ಉಳಿದಿದ್ದು ಒಂದೇ ಪ್ರಶ್ನೆ. ಫೋಟೋ ಜೋಡಿಸಲು ಕ್ಯಾಟಲಾಗ್ ಇಟ್ಟುಕೊಳ್ಳುವ ತಂತ್ರಾಂಶ ಬಳಸುತ್ತೇನೆ. ಎಸ್‌ಎಸ್‌ಡಿ ಬಂದ ಮೇಲೆ ಅದನ್ನು ಪೂರ್ತಿಯಾಗಿ ಹೊರಗಿನ ಡಿಸ್ಕ್‌ನಲ್ಲೇ ಇಟ್ಟು ಓಡಿಸಲಾ? ಜೊತೆಗೆ ಆ ಒಂದು ವಿಡಿಯೋ ಇನ್ನು ಸಿಗುವುದಿಲ್ಲವೇ?

ಎರಡುಪ್ರತಿ ಬರೆದದ್ದು:

ಓದಿ ಸಮಾಧಾನವಾಯಿತು. ವಿಡಿಯೋ ಆಸೆ ಬಿಡಬೇಡಿ. ಹಳೆ ಡಿಸ್ಕ್ ಹೊರಗೆ ತೆಗೆದ ಮೇಲೆ ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಅನ್ನುವ ತಂತ್ರಾಂಶದಿಂದ ಇಡೀ ಡಿಸ್ಕ್‌ನ ಪ್ರತಿ ತೆಗೆಯಬಹುದು. ಓದಲು ಸುಲಭವಾದದ್ದನ್ನು ಮೊದಲು ತೆಗೆದು, ಕಷ್ಟದ ಜಾಗಗಳಿಗೆ ಆಮೇಲೆ ಮತ್ತೆ ಮತ್ತೆ ಬರುತ್ತದೆ. 8 ಸೆಕ್ಟರ್ ಅಂದರೆ ಕೆಲವೇ ಕೆಬಿ, ವಿಡಿಯೋದಲ್ಲಿ ಒಂದು ಕ್ಷಣ ಚಿತ್ರ ಕದಡಬಹುದು, ಉಳಿದದ್ದು ಬರುವ ಸಾಧ್ಯತೆ ಚೆನ್ನಾಗಿದೆ. ಈಗ ಪ್ರತಿ ಕೈಯಲ್ಲಿ ಇರುವುದರಿಂದ ಅವಸರವಿಲ್ಲ.

ಸ್ಕ್ರೂಡ್ರೈವರ್_ಸ್ನೇಹಿತ ಬರೆದದ್ದು:

ತಂತ್ರಾಂಶ, ಅದರ ಕ್ಯಾಟಲಾಗ್ ಮತ್ತು ಪ್ರಿವ್ಯೂಗಳು ಎಸ್‌ಎಸ್‌ಡಿಯಲ್ಲಿ ಇರಲಿ. ಮೂಲ ಫೋಟೋಗಳು ಹೊರಗಿನ ಡಿಸ್ಕ್‌ನಲ್ಲಿ. ಕ್ಯಾಟಲಾಗ್ ಅಂದರೆ ಕ್ಷಣಕ್ಷಣಕ್ಕೂ ಚಿಕ್ಕ ಚಿಕ್ಕದಾಗಿ ಓದಿ ಬರೆಯುವ ಫೈಲ್, ಯುಎಸ್‌ಬಿ 2.0ರ ಮೇಲಿನ ಹಾರ್ಡ್ ಡಿಸ್ಕ್‌ನಲ್ಲಿ ಅದನ್ನು ಇಟ್ಟರೆ ಪ್ರತಿ ಕ್ಲಿಕ್‌ಗೂ ಕಾಯಬೇಕಾಗುತ್ತದೆ. ಮಧ್ಯೆ ವೈರ್ ಅಲುಗಾಡಿದರೆ ಕ್ಯಾಟಲಾಗೇ ಕೆಡಬಹುದು. ಈಗ ತಿದ್ದುತ್ತಿರುವ ತಿಂಗಳ ಫೋಟೋಗಳನ್ನು ಮಾತ್ರ ಎಸ್‌ಎಸ್‌ಡಿಯಲ್ಲಿ ಇಟ್ಟುಕೊಂಡು, ಮುಗಿದ ಮೇಲೆ ಅದೇ ತಂತ್ರಾಂಶದ ಒಳಗಿನಿಂದಲೇ ಹೊರಗಿನ ಡಿಸ್ಕ್‌ಗೆ ಸಾಗಿಸಿ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಎಳೆದು ಹಾಕಿದರೆ ಕ್ಯಾಟಲಾಗ್‌ಗೆ ಅವು ಎಲ್ಲಿ ಹೋದವು ಅಂತ ತಿಳಿಯುವುದಿಲ್ಲ.

ಹೊರಗಿನ ಡಿಸ್ಕ್‌ನ ಅಕ್ಷರವನ್ನೂ ಖಾಯಂ ಮಾಡಿಬಿಡಿ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಅದರ ಮೇಲೆ ಬಲ ಕ್ಲಿಕ್ ಮಾಡಿ, ಅಕ್ಷರ ಬದಲಿಸುವ ಆಯ್ಕೆಯಲ್ಲಿ ಪಿ ಅಂತಲೋ ಎಕ್ಸ್ ಅಂತಲೋ ಕೊನೆಯ ಕಡೆಯದೊಂದನ್ನು ಕೊಡಿ. ಹಾಗೆ ಮಾಡದಿದ್ದರೆ ನಡುವೆ ಪೆನ್ ಡ್ರೈವ್ ಚುಚ್ಚಿದ ದಿನ ಡಿ ಇದ್ದದ್ದು ಇ ಆಗಿ, ಕ್ಯಾಟಲಾಗ್ ಎಲ್ಲ ಫೋಟೋಗಳೂ ಕಾಣೆಯಾಗಿವೆ ಅನ್ನುತ್ತದೆ. ಎರಡನೇ ಡಿಸ್ಕ್‌ಗೆ ಬೇರೆ ಅಕ್ಷರ ಕೊಡಿ, ಹೆಸರೂ ಬೇರೆ ಇಡಿ. ಎರಡೂ ಒಟ್ಟಿಗೆ ಚುಚ್ಚಿದಾಗ ಯಾವುದರಿಂದ ಯಾವುದಕ್ಕೆ ಕಾಪಿ ಆಗುತ್ತಿದೆ ಅಂತ ನೋಡಿದ ಕೂಡಲೇ ಗೊತ್ತಾಗಬೇಕು.